ಬಲೆ ಎಳೆದೆವು, ಒಂದು ತುಂಡನ್ನ ಕಡಲು ವಾಪಸ್ ತೆಗೆದುಕೊಂಡಿತು

ಎಲ್ಲರಿಗೂ ನಮಸ್ಕಾರ. ಮೊದಲ ಶಾಟ್ ಮಬ್ಬಾಗಿದೆ, ಸ್ವಲ್ಪ ತಾಳಿಕೊಳ್ಳಿ. ಆಗ ಬೆಳಗ್ಗೆ ಆರು ಗಂಟೆ ಕೂಡ ಆಗಿರಲಿಲ್ಲ. ಇಷ್ಟು ಬೇಗ ಬಂದಿದ್ದಕ್ಕೆ ಕಾರಣ ಇಳಿತ. ಇವತ್ತು ನೀರು ಪೂರ್ತಿ ಕೆಳಗೆ ಹೋಗುವುದು ಆರೂ ಮುಕ್ಕಾಲಿಗೆ. ಅಲ್ಲಿಂದ ಆರು ಗಂಟೆಗಿಂತ ಸ್ವಲ್ಪ ಜಾಸ್ತಿ ಹೊತ್ತಿನಲ್ಲಿ ಉಬ್ಬರ ಪೂರ್ತಿ ಬಂದಿರುತ್ತದೆ. ತೀರದ ಕಸ ಹೆಕ್ಕೋಕೆ ಬಂದ ನಾವು ಇವತ್ತು ತೆಗೆಯಬೇಕಾದ ಹಳೆಯ ಬಲೆ ನೀರಿನ ಅಂಚಿನಲ್ಲೇ ಹೂತುಕೊಂಡಿದೆ. ತಡ ಮಾಡಿದರೆ ಮುಗಿಯಿತು.

ಚೀಲ, ಗ್ಲೌಸ್, ಕತ್ತರಿ, ಚಾಕು ಎಲ್ಲ ನಿಮಗೆ ಕಾಣುತ್ತಿದೆ. ಅದನ್ನ ವಿವರಿಸುತ್ತಾ ಕೂರುವುದಿಲ್ಲ. ಕ್ಯಾಮೆರಾ ನನ್ನ ತಂಗಿಯ ಕೈಯಲ್ಲಿದೆ. ನಡುವೆ ಆಗಾಗ ಕೇಳಿಸುವ ‘ಅಕ್ಕಾ, ಇಲ್ ನೋಡು’ ಅವಳದೇ.

ಇಲ್ಲಿ ನಾನು ಬಗ್ಗಿ ಹೆಕ್ಕಿದ್ದು ಸಿಗರೇಟಿನ ತುದಿ. ಇದನ್ನ ಹತ್ತಿ ಅಂದುಕೊಂಡವರೇ ಜಾಸ್ತಿ. ಹತ್ತಿ ಅಲ್ಲ, ಸೆಲ್ಯುಲೋಸ್ ಅಸಿಟೇಟ್ ಅನ್ನುವ ಪ್ಲಾಸ್ಟಿಕ್. 1986ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಒಂದು ಕಡಲತೀರ ಸ್ವಚ್ಛತಾ ಕೆಲಸ ಶುರುವಾಯಿತು. ಈಗ ಓಷನ್ ಕನ್ಸರ್ವೆನ್ಸಿ ಅನ್ನುವ ಸಂಸ್ಥೆ ಅದನ್ನ ಜಗತ್ತಿನಾದ್ಯಂತ ನಡೆಸುತ್ತದೆ. ಅವರು ಹೆಕ್ಕಿದ್ದನ್ನ ಸುಮ್ನೆ ಚೀಲಕ್ಕೆ ತುಂಬುವುದಿಲ್ಲ, ಒಂದೊಂದನ್ನೂ ಎಣಿಸಿ ಬರೆದಿಡುತ್ತಾರೆ. ಆ ಪಟ್ಟಿಯಲ್ಲಿ ವರ್ಷಾನುಗಟ್ಟಲೆ ಮೊದಲ ಸ್ಥಾನ ಈ ಸಿಗರೇಟಿನ ತುದಿಗೇ ಇತ್ತು. 2019ರ ಎಣಿಕೆಯಲ್ಲಿ ಮೊದಲ ಸಲ ತಿಂಡಿ ಪೊಟ್ಟಣಗಳು ಮುಂದೆ ಬಂದವು. ನನಗೆ ಎಣಿಸುವ ಈ ಕೆಲಸ ತುಂಬ ಇಷ್ಟ. ಏನು ಬರುತ್ತಿದೆ ಅಂತ ಗೊತ್ತಾದರೆ ತಾನೇ ಎಲ್ಲಿಂದ ಬರುತ್ತಿದೆ ಅಂತ ಹುಡುಕೋಕೆ ಆಗುವುದು?

ಸರಿ, ಬಂತು ನೋಡಿ. ಮೇಲಿಂದ ನೋಡಿದರೆ ಒಂದು ಮಾರು ಹಸಿರು ಹಗ್ಗ, ಅಷ್ಟೇ. ನಾವೂ ಮೊನ್ನೆ ಹಾಗೇ ಅಂದುಕೊಂಡಿದ್ದೆವು. ಎಳೆದರೆ ಅಲ್ಲಾಡಲಿಲ್ಲ. ಪಕ್ಕದ ಮರಳನ್ನ ಕೈಯಲ್ಲಿ ಬಗೆದು ನೋಡಿದಾಗ ಗೊತ್ತಾಯಿತು, ಅಡಿಯಲ್ಲಿ ಇರುವುದು ಇಡೀ ಬಲೆ.

ಈ ಬಲೆಯ ಎಳೆ ನೈಲಾನ್. ಮೊದಲೆಲ್ಲ ಬಲೆಗಳು ಹತ್ತಿದು, ಸೆಣಬಿನದು ಇರುತ್ತಿದ್ದವು. ನೀರಲ್ಲಿ ಕಳೆದುಹೋದರೆ ಕೊಳೆತು ಹರಿದುಹೋಗುತ್ತಿದ್ದವು. ಎರಡನೇ ಮಹಾಯುದ್ಧದ ನಂತರ ನೈಲಾನ್ ಬಲೆ ಬಂತು. ಹಗುರ, ಗಟ್ಟಿ, ನೀರಲ್ಲಿ ಕಣ್ಣಿಗೇ ಬೀಳುವುದಿಲ್ಲ. ಮೀನುಗಾರರಿಗೆ ಅದರಿಂದ ಆದ ಅನುಕೂಲ ಸಣ್ಣದಲ್ಲ. ಆದರೆ ಇದು ಕೊಳೆಯುವುದಿಲ್ಲ. ಹಿಡಿಯುವವರು ಇಲ್ಲದಿದ್ದರೂ ಇದು ಹಿಡಿಯುತ್ತಲೇ ಇರುತ್ತದೆ. ಅದಕ್ಕೇ ಇದನ್ನ ಭೂತಬಲೆ ಅನ್ನುವುದು. ಒಂದು ಮೀನು ಸಿಕ್ಕಿಕೊಂಡು ಸಾಯುತ್ತದೆ. ಅದನ್ನ ತಿನ್ನೋಕೆ ಏಡಿ ಬರುತ್ತದೆ, ಅದೂ ಸಿಕ್ಕಿಕೊಳ್ಳುತ್ತದೆ. ಏಡಿಯ ವಾಸನೆಗೆ ಇನ್ನೊಂದು ಬರುತ್ತದೆ. ತೆಗೆಯುವ ಕೈ ಇಲ್ಲ, ತಿನ್ನುವ ಬಾಯಿ ಇಲ್ಲ.

ಆ ಕ್ಷಣ ನನಗೆ ಸಿಟ್ಟು ಬಂದಿದ್ದು ಮೀನುಗಾರರ ಮೇಲೆ. ಕ್ಯಾಮೆರಾದಲ್ಲೂ ಅದು ಇದೆ, ನಾನು ತೆಗೆದುಹಾಕಿಲ್ಲ. ‘ಹರಿದ ಬಲೆಯನ್ನ ದಡಕ್ಕೆ ತರೋಕೆ ಏನು ಕಷ್ಟ ಇವರಿಗೆ’ ಅಂತ ಜೋರಾಗಿಯೇ ಅಂದೆ. ಅದನ್ನ ನೆನಪಿಟ್ಟುಕೊಳ್ಳಿ, ಆಮೇಲೆ ಬರುತ್ತೇನೆ.

ಈ ಶಾಟ್ ಹತ್ತಿರದಿಂದ ತೆಗೆಸಿದ್ದು ಬೇಕಂತಲೇ. ಬಲೆಯನ್ನ ತೇಲಿಸುವ ಬೆಂಡಿನ ಪಕ್ಕ ಗೊಂಚಲು ಗೊಂಚಲಾಗಿ ಅಂಟಿಕೊಂಡಿವೆ ಅಲ್ವಾ, ಬೆರಳಿನಂಥ ಕಂದು ತೊಟ್ಟು, ತುದಿಯಲ್ಲಿ ಬಿಳಿ ಚಿಪ್ಪು? ಇವು ಬಾರ್ನಕಲ್, ಏಡಿಯ ಬಳಗಕ್ಕೆ ಸೇರಿದ, ಒಂದೇ ಕಡೆ ಅಂಟಿಕೊಂಡು ಬದುಕುವ ಕಡಲ ಜೀವಿ. ಬಂಡೆಗೆ ಅಂಟುವ ಗಟ್ಟಿ ಜಾತಿ ಅಲ್ಲ. ಇವು ತೇಲುವ ಮರ, ಬಾಟಲಿ, ಬೆಂಡು ಇಂಥದ್ದಕ್ಕೆ ಅಂಟಿಕೊಂಡು ಬೆಳೆಯುವ ಜಾತಿ. ಅಂದರೆ ಈ ಬಲೆ ಇಲ್ಲಿ ಯಾರೋ ದಡದಲ್ಲಿ ಬಿಸಾಕಿ ಹೋಗಿದ್ದಲ್ಲ. ಇಷ್ಟು ದೊಡ್ಡದಾಗಿ ಬೆಳೆಯುವಷ್ಟು ದಿನ ಇದು ಕಡಲಲ್ಲಿ ತೇಲಾಡಿದೆ. ಎಲ್ಲಿ ಕಳೆಯಿತೋ, ಯಾರದ್ದೋ. ಬಲೆಯ ಮೇಲೆ ಹೆಸರಿಲ್ಲ, ನಂಬರ್ ಇಲ್ಲ.

‘ಅಕ್ಕಾ, ಇದಿನ್ನೂ ಅಲ್ಲಾಡ್ತಿದೆ!’

ಇದು ಏಡಿ. ನನ್ನ ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು. ಹಿಂದಿನ ಎರಡು ಕಾಲಿಗೆ ಎಳೆ ಸುತ್ತಿಕೊಂಡಿದೆ, ಒಂದು ಕಾಲು ಆಗಲೇ ಹೋಗಿದೆ. ಎಳೆ ಕಾಲಿನ ಕೀಲಿಗೆ ಎಷ್ಟು ಒತ್ತಿಕೊಂಡಿತ್ತು ಅಂದರೆ ಕತ್ತರಿಯ ತುದಿ ನಡುವೆ ಹೋಗಲಿಲ್ಲ. ತಂಗಿಯ ಹತ್ತಿರ ಉಗುರು ಕತ್ತರಿಸುವ ಸಣ್ಣ ಕತ್ತರಿ ಇತ್ತು, ಅದರಲ್ಲಿ ಒಂದೊಂದೇ ಎಳೆ ಬಿಡಿಸಿದೆವು. ಅದು ನನ್ನ ಗ್ಲೌಸನ್ನ ಕೊಂಡಿಯಲ್ಲಿ ಹಿಡಿದುಕೊಂಡೇ ಇತ್ತು. ಬಿಡಿಸಿದ ಮೇಲೂ ಬಿಡಲಿಲ್ಲ. ಒದ್ದೆ ಮರಳಿನ ಮೇಲೆ ಗ್ಲೌಸನ್ನೇ ಕಳಚಿಟ್ಟೆ. ಸುಮಾರು ಹೊತ್ತು ಹಾಗೇ ಇತ್ತು. ಆಮೇಲೆ ಅಡ್ಡಡ್ಡ ನಡೆದು ನೀರಿಗೆ ಹೋಯಿತು. ನಾನು ಪೂರ್ತಿ ಅದನ್ನೇ ನೋಡುತ್ತಾ ಕೂತಿದ್ದೆ.

ಅಲ್ಲೇ ಆಗಿದ್ದು ತಪ್ಪು.

ಇದನ್ನ ನಿಧಾನವಾಗಿ ಹೇಳುತ್ತೇನೆ, ಯಾಕಂದರೆ ನೀವು ಯಾರಾದರೂ ಈ ಕೆಲಸಕ್ಕೆ ಇಳಿದರೆ ಇದೊಂದು ಗೊತ್ತಿರಬೇಕು. ಇಡೀ ಬಲೆಯನ್ನ ಒಂದೇ ಸಲ ಎಳೆಯೋಕೆ ಆಗುವುದಿಲ್ಲ. ಮರಳು ತುಂಬಿ ಅದು ಕಲ್ಲಿನ ಹಾಗೆ ಆಗಿರುತ್ತದೆ. ಹಾಗಾಗಿ ತುಂಡು ತುಂಡಾಗಿ ಕೊಯ್ಯುತ್ತೇವೆ. ಕೊಯ್ದ ತುಂಡನ್ನ ಆಗಿಂದಾಗಲೇ ಮೇಲೆ, ಒಣ ಮರಳಿಗೆ, ಉಬ್ಬರದ ಗೆರೆ ದಾಟಿಸಿ ಹಾಕಬೇಕು. ಆಗಿಂದಾಗಲೇ. ಮೊದಲ ಎರಡು ತುಂಡನ್ನ ಹಾಗೇ ಮಾಡಿದೆವು. ಮೂರನೆಯದನ್ನ ಕೊಯ್ದ ಹೊತ್ತಿಗೆ ಏಡಿ ಕಂಡಿತು. ತುಂಡನ್ನ ಒದ್ದೆ ಮರಳಿನ ಮೇಲೇ ಬಿಟ್ಟು ಏಡಿಯ ಹತ್ತಿರ ಕೂತೆವು. ಇಬ್ಬರೂ. ಕ್ಯಾಮೆರಾ ಕೂಡ ಏಡಿಯ ಮೇಲೇ ಇದೆ, ಹಿನ್ನೆಲೆಯಲ್ಲಿ ಎಡಗಡೆ ನೋಡಿ, ತೆರೆ ಎಲ್ಲಿವರೆಗೆ ಬರುತ್ತಿದೆ ಅಂತ. ಇಳಿತ ಮುಗಿದು ನೀರು ತಿರುಗಿತ್ತು, ನಮಗೆ ಅದರ ಕಡೆ ಗಮನವೇ ಇರಲಿಲ್ಲ.

ಆ ತುಂಡಿಗೆ ಮೂರು ಬೆಂಡು ಇದ್ದವು. ಒಂದು ತೆರೆ ಅದನ್ನ ಎತ್ತಿತು, ಇನ್ನೊಂದು ತಿರುಗಿಸಿತು. ನಾನು ಓಡಿದೆ. ಮೊಣಕಾಲಿನವರೆಗೆ, ಆಮೇಲೆ ಸೊಂಟದವರೆಗೆ ಇಳಿದೆ. ಹಗ್ಗದ ತುದಿ ನನ್ನ ಬೆರಳಿಗೆ ತಾಗಿತು. ನಿಜವಾಗಿ ತಾಗಿತು, ಆ ಒರಟು ಈಗಲೂ ಕೈಯಲ್ಲಿದೆ. ಹಿಡಿಯೋಕೆ ಆಗಲಿಲ್ಲ. ಬಲೆ ಇರುವ ನೀರಿನಲ್ಲಿ ಅದಕ್ಕಿಂತ ಮುಂದೆ ಹೋಗಬಾರದು, ಕಾಲಿಗೆ ಸುತ್ತಿಕೊಂಡರೆ ನಾನೇ ಆ ಏಡಿ. ತಂಗಿ ದಡದಿಂದ ಕೂಗುತ್ತಿದ್ದಳು. ನಿಂತೆ. ಮೂರು ಬೆಂಡು ಒಂದು ಸಾಲಲ್ಲಿ ತೇಲುತ್ತಾ ಹೋದವು. ಸ್ವಲ್ಪ ಹೊತ್ತು ಕಂಡವು, ಆಮೇಲೆ ಕಾಣಲಿಲ್ಲ.

ಸಂಕಟ ಏನು ಅಂದರೆ, ಮರಳಿನಡಿ ಹೂತಿದ್ದಷ್ಟು ದಿನ ಆ ತುಂಡು ಯಾರನ್ನೂ ಹಿಡಿಯುತ್ತಿರಲಿಲ್ಲ. ಅದನ್ನ ಬಗೆದು, ಬಿಡಿಸಿ, ಸ್ವಚ್ಛ ಮಾಡಿ ಕಡಲಿಗೆ ಕೊಟ್ಟವಳು ನಾನು. ಇಡೀ ಬೆಳಗ್ಗೆ ಮಾಡಿದ ಕೆಲಸದಲ್ಲಿ ನನಗೆ ಅದೊಂದೇ ಕಾಣುತ್ತಿತ್ತು.

ಮೀನುಗಾರರ ಬಗ್ಗೆ ಅಂದ ಮಾತಿಗೆ ಈಗ ಬರುತ್ತೇನೆ. ಅದನ್ನ ವಾಪಸ್ ತೆಗೆದುಕೊಳ್ಳುತ್ತೇನೆ. ಬಲೆ ಅವರ ಬದುಕು, ಅದನ್ನ ಬೇಕಂತ ಕಳೆದುಕೊಳ್ಳುವವರು ತೀರಾ ಕಡಿಮೆ. ಬಿರುಗಾಳಿಗೆ ಹೋಗುತ್ತದೆ, ತಳದ ಬಂಡೆಗೆ ಸಿಕ್ಕಿ ಹರಿಯುತ್ತದೆ, ಮೇಲೆ ಹಾದುಹೋದ ಇನ್ನೊಂದು ದೋಣಿ ಕತ್ತರಿಸಿ ಹಾಕುತ್ತದೆ. ಕಾನೂನಿಗೂ ಆ ವ್ಯತ್ಯಾಸ ಗೊತ್ತು. ಮಾರ್ಪೋಲ್ ಅನ್ನುವ ಅಂತರರಾಷ್ಟ್ರೀಯ ಒಪ್ಪಂದದ ಐದನೇ ಅನುಬಂಧ 1988ರ ಕೊನೆಯ ದಿನ ಜಾರಿಗೆ ಬಂತು. ಹಡಗಿನಿಂದ ಪ್ಲಾಸ್ಟಿಕ್ ಬಿಸಾಕುವುದನ್ನ ಅದು ಪೂರ್ತಿ ನಿಷೇಧಿಸುತ್ತದೆ. ಬಲೆಯೂ ಅದರಲ್ಲಿ ಸೇರಿದೆ. ಆದರೆ ಎಚ್ಚರ ವಹಿಸಿಯೂ ಆಕಸ್ಮಿಕವಾಗಿ ಕಳೆದುಹೋದರೆ ಅದನ್ನ ಬಿಸಾಕಿದ್ದು ಅಂತ ಎಣಿಸುವುದಿಲ್ಲ.

ಹಾಗಾದರೆ ಕಳೆದುಹೋದ ಬಲೆಗೆ ಏನು ಮಾಡುವುದು? ನನಗೆ ತುಂಬ ಹಿಡಿಸಿದ್ದು ನಾರ್ವೆಯವರ ದಾರಿ. ಅಲ್ಲಿ ಬಲೆ ಕಳೆದುಕೊಂಡವರು ಮೊದಲು ತಾವೇ ಹುಡುಕಬೇಕು, ಸಿಗದಿದ್ದರೆ ಎಲ್ಲಿ ಕಳೆಯಿತು ಅಂತ ತಿಳಿಸಬೇಕು. 1980ರ ದಶಕದಿಂದ ಅಲ್ಲಿನ ಮೀನುಗಾರಿಕೆ ಇಲಾಖೆಯೇ ಹಡಗು ಕಳಿಸಿ ಕಳೆದ ಬಲೆಗಳನ್ನ ತಳದಿಂದ ಎತ್ತಿಸುತ್ತಿದೆ. ಎಷ್ಟು ಸರಳ ಅಲ್ವಾ? ಹೇಳಿದವರಿಗೆ ಬೈಗುಳ ಸಿಗುತ್ತದೆ ಅಂದರೆ ಯಾರೂ ಹೇಳುವುದಿಲ್ಲ. ಹುಡುಕಿಕೊಡುತ್ತಾರೆ ಅಂದರೆ ಹೇಳುತ್ತಾರೆ. 2018ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಸದಸ್ಯ ದೇಶಗಳು ಬಲೆಗಳಿಗೆ ಗುರುತು ಹಾಕುವ ಮಾರ್ಗಸೂಚಿಯನ್ನೂ ಒಪ್ಪಿಕೊಂಡವು. ಆದರೆ ಅದು ಇಷ್ಟ ಇದ್ದರೆ ಪಾಲಿಸುವಂಥದ್ದು. ಅದು ಸಾಲದು. ಕಡ್ಡಾಯ ಆಗಬೇಕು.

ಇನ್ನೊಂದು ಸಣ್ಣ ಉಪಾಯ ಇದೆ, ಏಡಿ ಹಿಡಿಯುವ ಬೋನಿನದು. ಅಲಾಸ್ಕಾದಲ್ಲಿ ಆ ಬೋನಿನ ಒಂದು ಪಕ್ಕವನ್ನ ಹತ್ತಿಯ ದಾರದಲ್ಲಿ ಹೊಲಿಯಬೇಕು ಅಂತ ನಿಯಮ. ಬೋನು ಕಳೆದುಹೋದರೆ ಸ್ವಲ್ಪ ಕಾಲಕ್ಕೆ ದಾರ ಕೊಳೆಯುತ್ತದೆ, ಬಾಗಿಲು ತೆರೆದುಕೊಳ್ಳುತ್ತದೆ, ಒಳಗಿದ್ದದ್ದು ಹೊರಗೆ ಹೋಗುತ್ತದೆ. ಒಂದು ದಾರ, ಅಷ್ಟೇ.

ಈಗ ಬರುತ್ತಿರುವ ಶಾಟ್‌ನಲ್ಲಿ ನಾವು ಕಡಲಪಾಚಿಯ ರಾಶಿಯನ್ನ ಮುಟ್ಟದೆ ಸುತ್ತಿ ಹೋಗುತ್ತಿದ್ದೇವೆ. ಕಳೆದ ವಿಡಿಯೋ ನೋಡಿ ಸುಮಾರು ಜನ ಕೇಳಿದ್ದರು, ಅಷ್ಟೆಲ್ಲ ಹೆಕ್ಕಿ ಆ ನಾರುವ ಪಾಚಿಯನ್ನ ಯಾಕೆ ಬಿಟ್ಟಿರಿ ಅಂತ. ಅದು ಕಸ ಅಲ್ಲ. ಅದನ್ನ ಸ್ವಲ್ಪ ಎತ್ತಿ ನೋಡಿ, ಚಿಗಟದ ಹಾಗೆ ಪುಟಪುಟ ಹಾರುವ ಸಣ್ಣ ಜೀವಿಗಳು ನೂರಾರು. ತೀರದಲ್ಲಿ ಪುಟ್ಟ ಕಾಲಿನಲ್ಲಿ ಓಡಾಡುವ ಹಕ್ಕಿಗಳು ಬದುಕುವುದು ಇವನ್ನೇ ತಿಂದು. ಕೆಲವು ಕಡೆ ಟ್ರ್ಯಾಕ್ಟರ್‌ಗೆ ಕುಂಟೆಯಂಥದ್ದು ಕಟ್ಟಿ ಇಡೀ ತೀರವನ್ನ ಗೀರಿ ಸ್ವಚ್ಛ ಮಾಡುತ್ತಾರೆ. ನನಗೆ ಅದನ್ನ ನೋಡಿದರೆ ಆಗುವುದಿಲ್ಲ. ಫೋಟೋಗೆ ಚೆನ್ನಾಗಿರುತ್ತದೆ, ಹಕ್ಕಿಗೆ ಮರುಭೂಮಿ. ಮೊದಲೆಲ್ಲ ನಾನೂ ಪಾಚಿಯನ್ನ ಚೀಲಕ್ಕೆ ತುಂಬುತ್ತಿದ್ದೆ. ಈಗ ಮುಟ್ಟುವುದಿಲ್ಲ.

ಆದರೆ ಅದರೊಳಗೆ ಇದು ಸಿಕ್ಕಿತು. ಅಂಗೈ ಮೇಲೆ ಮೂರು ಮಣಿ, ಮೀನಿನ ಮೊಟ್ಟೆಯ ಹಾಗೆ ಮಂಕು ಬಿಳಿ. ಇವಕ್ಕೆ ನರ್ಡಲ್ ಅನ್ನುತ್ತಾರೆ. ಹೆಚ್ಚಿನ ಪ್ಲಾಸ್ಟಿಕ್ ಸಾಮಾನನ್ನ ಇಂಥ ಮಣಿ ಕರಗಿಸಿಯೇ ಮಾಡುವುದು. 2021ರಲ್ಲಿ ಕೊಲಂಬೊ ಹತ್ತಿರ ಎಕ್ಸ್‌ಪ್ರೆಸ್ ಪರ್ಲ್ ಹಡಗು ಬೆಂಕಿ ಹತ್ತಿ ಮುಳುಗಿತಲ್ಲ, ಅದರಲ್ಲಿ ಇಂಥ ಮಣಿ 1,600 ಟನ್‌ಗೂ ಹೆಚ್ಚು ಇತ್ತು. ಜನ ಜರಡಿ ಹಿಡಿದು ಮರಳು ಸೋಸಿದರು. ಜರಡಿಯಲ್ಲಿ ಕಡಲತೀರ ಸೋಸುವುದು ಅಂದರೆ ಏನು ಅಂತ ಒಮ್ಮೆ ಯೋಚಿಸಿ. ಈ ಮಣಿ ನೀರಲ್ಲಿ ಇದ್ದಷ್ಟೂ ಅದರ ಮೇಲೆ ಪಾಚಿ ಬೆಳೆಯುತ್ತದೆ, ವಾಸನೆಯೂ ತಿನ್ನುವ ವಸ್ತುವಿನ ಹಾಗೆ ಆಗುತ್ತದೆ. ಪಾಚಿ ಹಿಡಿದ ಪ್ಲಾಸ್ಟಿಕ್‌ನ ವಾಸನೆಗೆ ಕಡಲಾಮೆಗಳು ಆಹಾರ ಕಂಡ ಹಾಗೇ ಮೂಗು ಚಾಚುತ್ತವೆ ಅಂತ ಪ್ರಯೋಗದಲ್ಲಿ ಕಂಡಿದ್ದಾರೆ. ಅವು ಕಣ್ಣಿನಿಂದ ಮಾತ್ರ ಮೋಸ ಹೋಗುತ್ತಿಲ್ಲ.

ತಂಗಿ ಆಗ ಕೇಳಿದಳು, ‘ಅಕ್ಕಾ, ಹೀಗೆ ಹೆಕ್ಕಿ ಎಷ್ಟು ಹೆಕ್ತೀಯ?’ ನನ್ನ ಹತ್ತಿರ ಉತ್ತರ ಇರಲಿಲ್ಲ. ಕಡಲನ್ನ ಹೆಕ್ಕಿ ಉಳಿಸೋಕೆ ಆಗುವುದಿಲ್ಲ, ಬಿಟ್ಟು ಉಳಿಸಬಹುದು ಅನ್ನುವುದಕ್ಕೆ ಮಾತ್ರ ಒಂದು ಉದಾಹರಣೆ ಹೇಳಿದೆ. ಮೆಕ್ಸಿಕೊದ ಕಾಬೊ ಪುಲ್ಮೊ ಅನ್ನುವ ಕಡಲ ಪ್ರದೇಶ. 1995ರಲ್ಲಿ ಅದು ರಾಷ್ಟ್ರೀಯ ಉದ್ಯಾನ ಆಯಿತು. ಮೀನು ಹಿಡಿದು ಬದುಕುತ್ತಿದ್ದ ಅಲ್ಲಿನ ಕುಟುಂಬಗಳೇ ಹಿಡಿಯುವುದನ್ನ ನಿಲ್ಲಿಸಿ ಕಾವಲಿಗೆ ನಿಂತವು. 1999ರಿಂದ 2009ರ ಹೊತ್ತಿಗೆ ಆ ನೀರಿನಲ್ಲಿದ್ದ ಮೀನಿನ ಒಟ್ಟು ತೂಕ ಶೇಕಡ 463ರಷ್ಟು ಹೆಚ್ಚಿತು. ಶಾರ್ಕ್‌ಗಳಂಥ ದೊಡ್ಡ ಮೀನೂ ವಾಪಸ್ ಬಂದವು. ಹೊರಗಿನಿಂದ ಏನೂ ತಂದು ಬಿಡಲಿಲ್ಲ. ಕೈ ತೆಗೆದರು, ಅದೇ ತುಂಬಿಕೊಂಡಿತು.

ಹಾಗಂತ ಹೆಕ್ಕುವುದು ವ್ಯರ್ಥ ಅನ್ನಬೇಡಿ. ಆ ಏಡಿಗೆ ಇವತ್ತಿನ ಬೆಳಗ್ಗೆ ವ್ಯರ್ಥ ಅಲ್ಲ.

ಅಯ್ಯೋ, ಕೊನೆಯ ಶಾಟ್ ಬಂದೇಬಿಟ್ಟಿತು. ಒಟ್ಟು ಐದು ತುಂಡು ಮೇಲೆ ಬಂತು, ಎಣಿಸಿ ಬರೆದಿಟ್ಟಿದ್ದೇವೆ. ಉಬ್ಬರ ಏರಿದ್ದರಿಂದ ಬುಡದ ಒಂದು ಭಾಗ ಇನ್ನೂ ಮರಳಲ್ಲೇ ಇದೆ. ನಾಳೆ ಇಳಿತ ಸುಮಾರು 50 ನಿಮಿಷ ತಡ, ಏಳೂವರೆ ದಾಟಿದ ಮೇಲೆ. ಬರುತ್ತೇವೆ.

ಹೋದ ತುಂಡಿನ ವಿವರ ಇದು, ಬರೆದುಕೊಳ್ಳಿ. ಹಸಿರು ಹಗ್ಗ, ನೈಲಾನ್ ಬಲೆ, ಎರಡು ಮಾರು ಉದ್ದ ಇರಬಹುದು. ಮೂರು ಬೆಂಡು, ನಡುವಿನದು ಒಡೆದಿದೆ. ಹೋಗಿದ್ದು ಬೆಳಗ್ಗೆ ಏಳು ಇಪ್ಪತ್ತಕ್ಕೆ. ಕಳೆದುಕೊಂಡವಳು ನಾನು. ತೀರದಲ್ಲಿ ಎಲ್ಲಾದರೂ ಕಂಡರೆ ಮೊದಲು ಒಣ ಮರಳಿಗೆ ಎಳೆದು ಹಾಕಿ, ಆಮೇಲೆ ಒಳಗೆ ಯಾರಾದರೂ ಸಿಕ್ಕಿಕೊಂಡಿದ್ದಾರಾ ನೋಡಿ, ಆಮೇಲೆ ನನಗೆ ತಿಳಿಸಿ.