ಗುಂಡಿ ತುಂಬಿದ ಮೇಲೆ

ಕೇಳುಗರೆಲ್ಲರಿಗೂ ನಮಸ್ಕಾರ.

ಕತ್ತಲಾಗುವುದನ್ನೇ ಕಾಯುತ್ತಿದ್ದ ಹೆಂಗಸರನ್ನು ನಮ್ಮ ದೇಶದ ಹಳ್ಳಿಗಳಲ್ಲಿ ಹುಡುಕಿಕೊಂಡು ಹೋಗಬೇಕಾಗಿಯೇ ಇರಲಿಲ್ಲ. ಸಂಜೆ ಮುಗಿದ ಮೇಲೆ ನಾಲ್ಕು ಮಂದಿ ಜೊತೆಯಾಗಿ, ಕೈಯಲ್ಲಿ ಚೊಂಬು ಹಿಡಿದು, ಊರಾಚೆಯ ಬೇಲಿಯ ಮರೆಗೆ ನಡೆಯುತ್ತಿದ್ದರು. ರಸ್ತೆಯಲ್ಲಿ ವಾಹನದ ಬೆಳಕು ಬಿದ್ದೊಡನೆ ಸೀರೆ ಸರಿಪಡಿಸಿಕೊಂಡು ಥಟ್ಟನೆ ಎದ್ದು ನಿಲ್ಲುತ್ತಿದ್ದರು. ಹಗಲು ಹೊತ್ತಿನಲ್ಲಿ ಹೊರಗೆ ಹೋಗಬೇಕಾದೀತೆಂಬ ಅಂಜಿಕೆಗೆ ಬಿರುಬೇಸಿಗೆಯಲ್ಲೂ ನೀರನ್ನು ಅಳೆದು ಕುಡಿಯುತ್ತಿದ್ದರು. ಬಾಣಂತಿಯರಿಗೂ ವಯಸ್ಸಾದವರಿಗೂ ಇದರಿಂದ ರಿಯಾಯಿತಿ ಇರಲಿಲ್ಲ. ಶೌಚಾಲಯದ ಮಾತು ಬಂದಾಗಲೆಲ್ಲ ನಾವು ಅಂಕಿಗಳನ್ನು ಮುಂದಿಡುತ್ತೇವೆ. ಆ ಅಂಕಿಗಳ ಹಿಂದೆ ಈ ಕಾಯುವಿಕೆ ಇತ್ತು, ಕೆಲವು ಮನೆಗಳಲ್ಲಿ ಇಂದಿಗೂ ಇದೆ.

ಅಂಕಿಗಳನ್ನೂ ನೋಡೋಣ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು 1992–93ರಲ್ಲಿ ಮೊದಲ ಬಾರಿಗೆ ಮನೆಮನೆಗೆ ಹೋದಾಗ, ಭಾರತದ 100 ಕುಟುಂಬಗಳಲ್ಲಿ ಸುಮಾರು 70ಕ್ಕೆ ಯಾವ ಬಗೆಯ ಶೌಚಾಲಯವೂ ಇರಲಿಲ್ಲ. 2005–06ರಲ್ಲಿ ಆ ಸಂಖ್ಯೆ 55ಕ್ಕೆ, 2015–16ರಲ್ಲಿ 39ಕ್ಕೆ, 2019–21ರಲ್ಲಿ 19ಕ್ಕೆ ಇಳಿಯಿತು. ಮೊದಲ 13 ವರ್ಷಗಳಲ್ಲಿ ಇಳಿದದ್ದು 15 ಅಂಶ. ಕೊನೆಯ ನಾಲ್ಕೈದು ವರ್ಷಗಳಲ್ಲೇ ಇಳಿದದ್ದು 20 ಅಂಶ. ಇಷ್ಟು ದೊಡ್ಡ ದೇಶದಲ್ಲಿ ಇದು ಸಣ್ಣ ಸಾಧನೆಯಲ್ಲ, ಅದನ್ನು ಹಗುರವಾಗಿ ಕಾಣುವುದು ತಪ್ಪಾಗುತ್ತದೆ.

ಆದರೆ ಮೊದಲ ವರ್ಷಗಳಲ್ಲಿ ಕೆಲಸ ಅಷ್ಟು ನಿಧಾನವಾದದ್ದು ಏಕೆ? ಹಣದ ಕೊರತೆಯೊಂದೇ ಕಾರಣವಾಗಿರಲಿಲ್ಲ. 1986ರಲ್ಲಿ ಕೇಂದ್ರ ಸರ್ಕಾರ ಗ್ರಾಮೀಣ ನೈರ್ಮಲ್ಯ ಕಾರ್ಯಕ್ರಮವನ್ನು ಆರಂಭಿಸಿತು; 1999ರಲ್ಲಿ ಸಂಪೂರ್ಣ ಸ್ವಚ್ಛತಾ ಆಂದೋಲನ ಬಂತು; 2012ರಲ್ಲಿ ಅದು ನಿರ್ಮಲ ಭಾರತ ಅಭಿಯಾನವೆಂದು ಹೆಸರು ಬದಲಿಸಿಕೊಂಡಿತು. ಈ ಯೋಜನೆಗಳಲ್ಲಿ ಕಟ್ಟಿದ ಎಷ್ಟೋ ಕಟ್ಟಡಗಳು ಸೌದೆ, ಬೆರಣಿ, ಮೇವು ತುಂಬಿಡುವ ಕೋಣೆಗಳಾದವು. ಬೇಸಿನ್ನಿನ ಮೇಲೆ ಗೋಣಿಚೀಲ ಹಾಸಿ, ಅದರ ಮೇಲೆ ಒಣಸೌದೆ ಪೇರಿಸಿಟ್ಟಿರುವುದನ್ನು ಕಂಡವರು ನಮ್ಮಲ್ಲಿ ಅನೇಕರಿದ್ದಾರೆ. ಅಂಥ ಮನೆಯವರನ್ನು ತಿಳಿವಳಿಕೆ ಇಲ್ಲದವರೆಂದು ಅಧಿಕಾರಿಗಳೂ ಓದಿದವರೂ ಜರೆದದ್ದುಂಟು. ಅವರನ್ನು ತಾಳ್ಮೆಯಿಂದ ಕೇಳಿದ್ದರೆ ಬೇರೆಯೇ ಒಂದು ಪ್ರಶ್ನೆ ಹೊರಬರುತ್ತಿತ್ತು: ಗುಂಡಿ ತುಂಬಿದ ಮೇಲೆ ಅದನ್ನು ಬಳಿಯುವವರು ಯಾರು?

ಈ ಪ್ರಶ್ನೆಯ ಬೇರು ಜಾತಿಯಲ್ಲಿದೆ. ಒಬ್ಬರ ಮಲವನ್ನು ಇನ್ನೊಬ್ಬರು ಬಳಿದು, ಬುಟ್ಟಿಯಲ್ಲಿ ತುಂಬಿ, ತಲೆಯ ಮೇಲೆ ಹೊರುವ ಕೆಲಸವನ್ನು ನಮ್ಮ ಸಮಾಜ ಕೆಲವೇ ಸಮುದಾಯಗಳ ಹೆಗಲಿಗೆ ಕಟ್ಟಿ, ಅದೇ ಕಾರಣಕ್ಕೆ ಅವರನ್ನು ಮುಟ್ಟಿಸಿಕೊಳ್ಳದೆ ದೂರವಿಟ್ಟಿತು. 1970ರ ದಶಕದಲ್ಲಿ, ದೇವರಾಜ ಅರಸು ಅವರ ಸಂಪುಟದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ಕರ್ನಾಟಕದಲ್ಲಿ ನಿಷೇಧಿಸಿದರು. ಕೇಂದ್ರದ ಕಾಯ್ದೆ ಬರಲು 1993 ಆಗಬೇಕಾಯಿತು. ಇನ್ನೂ ಬಿಗಿಯಾದ ಕಾಯ್ದೆ 2013ರಲ್ಲಿ ಬಂತು. ಈ ಎರಡು ಕಾಯ್ದೆಗಳ ನಡುವೆ, 2011ರ ಜನಗಣತಿಯಲ್ಲಿಯೂ, ಮನುಷ್ಯರೇ ಮಲ ತೆಗೆಯಬೇಕಾದ ಶೌಚಾಲಯವಿದ್ದ ಮನೆಗಳು ಸುಮಾರು 7.94 ಲಕ್ಷ ಸಿಕ್ಕಿದವು. ಹೀಗಿರುವಾಗ, ಮನೆಯಂಗಳದಲ್ಲೇ ಮಲದ ಗುಂಡಿಯಿರಬೇಕೆಂದರೆ ಹಿಂಜರಿದವರ ಮನಸ್ಸಿನಲ್ಲಿ ಮಡಿಮೈಲಿಗೆಯ ಭಾವನೆಯೂ ಇತ್ತು, ತುಂಬಿದರೆ ಮುಂದೇನು ಎಂಬ ಲೆಕ್ಕಾಚಾರವೂ ಇತ್ತು. ಹತ್ತು ಅಡಿಗೂ ಮೀರಿ ಆಳವಾದ, ಒಂದು ತಲೆಮಾರಿಗೆ ತುಂಬದಂಥ ಗುಂಡಿಯಿದ್ದರೆ ಮಾತ್ರ ಶೌಚಾಲಯ ಬೇಕು, ಇಲ್ಲವಾದರೆ ಬಯಲೇ ವಾಸಿ ಎಂಬ ಮಾತು ಹುಟ್ಟಿದ್ದು ಇಲ್ಲಿಂದಲೇ ಎಂದು ನಾನು ನಂಬಿದ್ದೇನೆ.

ಇದಕ್ಕೆ ಉತ್ತರವಾಗಿ ಒಂದು ಸರಳ ವಿಧಾನ ಬಹುಕಾಲದಿಂದ ನಮ್ಮಲ್ಲೇ ಇದೆ: ಜೋಡಿ ಗುಂಡಿಯ ಶೌಚಾಲಯ. 1970ರಲ್ಲಿ ಸುಲಭ್ ಸಂಸ್ಥೆಯನ್ನು ಕಟ್ಟಿದ ಬಿಂದೇಶ್ವರ ಪಾಠಕ್ ಅವರು ಇಂಥದ್ದೇ ವಿಧಾನವನ್ನು ಹಿಡಿದು ಬಿಹಾರದಿಂದ ದೇಶದಾದ್ಯಂತ ಹರಡಿದರು. ಒಂದೊಂದು ಮೀಟರಿನಷ್ಟು ಅಗಲವಿರುವ ಎರಡು ಗುಂಡಿಗಳನ್ನು ತೋಡಿ, ನೀರು ಮಣ್ಣಿಗೆ ಇಂಗುವಂತೆ ಸಂದು ಬಿಟ್ಟು ಇಟ್ಟಿಗೆ ಕಟ್ಟಬೇಕು. ತಳಕ್ಕೆ ಸಿಮೆಂಟು ಹಾಕಬಾರದು. ಬೇಸಿನ್ನಿನಿಂದ ಬರುವ ಪೈಪು ಒಂದು ಸಣ್ಣ ತೊಟ್ಟಿಯಲ್ಲಿ ಎರಡಾಗಿ ಕವಲೊಡೆಯುತ್ತದೆ. ಒಂದು ಕವಲನ್ನು ಇಟ್ಟಿಗೆಯಿಂದ ಮುಚ್ಚಿ, ಇನ್ನೊಂದನ್ನು ತೆರೆದಿಟ್ಟು ಬಳಸಬೇಕು. ಐದಾರು ಜನರ ಕುಟುಂಬಕ್ಕೆ ಒಂದು ಗುಂಡಿ ನಾಲ್ಕೈದು ವರ್ಷ ಸಾಕಾಗುತ್ತದೆ. ಅದು ತುಂಬಿದಾಗ ಇಟ್ಟಿಗೆಯನ್ನು ಆಚೆಯಿಂದ ಈಚೆಗೆ ಇಟ್ಟು, ಎರಡನೆಯ ಗುಂಡಿಗೆ ದಾರಿ ಬಿಟ್ಟರಾಯಿತು. ಮುಚ್ಚಿದ ಗುಂಡಿಯಲ್ಲಿ ನೀರು ಇಂಗಿ, ಅನಿಲ ಮಣ್ಣಿಗೆ ಸೇರಿ, ರೋಗಾಣುಗಳು ಸಾಯುತ್ತವೆ. ಒಂದೂವರೆ ಎರಡು ವರ್ಷ ಬಿಟ್ಟು ತೆರೆದರೆ ಒಳಗೆ ಇರುವುದು ಕಂದು ಬಣ್ಣದ, ಉದುರುದುರಾದ, ವಾಸನೆಯಿಲ್ಲದ ಗೊಬ್ಬರ. ಸಲಿಕೆಯಲ್ಲಿ ಎತ್ತಿದರೆ ಅದು ಹಿತ್ತಲ ತಿಪ್ಪೆಯ ಅಡಿಭಾಗದ ಮಣ್ಣಿನ ಹಾಗೆ ಹಗುರವಾಗಿ ಬರುತ್ತದೆ.

ಹೇಳಿದರೆ ಯಾರೂ ನಂಬುವುದಿಲ್ಲ. ಅದಕ್ಕಾಗಿಯೇ 2017ರ ಫೆಬ್ರುವರಿಯಲ್ಲಿ, ತೆಲಂಗಾಣದ ವಾರಂಗಲ್ ಜಿಲ್ಲೆಯ ಗಂಗದೇವಿಪಲ್ಲಿಯಲ್ಲಿ, ಕೇಂದ್ರದ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಕಾರ್ಯದರ್ಶಿಯಾಗಿದ್ದ ಪರಮೇಶ್ವರನ್ ಅಯ್ಯರ್ ಅವರು ಬೇರೆ ಬೇರೆ ರಾಜ್ಯಗಳ ಅಧಿಕಾರಿಗಳೊಂದಿಗೆ ಇಂಥ ಗುಂಡಿಗಿಳಿದು ಗೊಬ್ಬರವನ್ನು ತಾವೇ ಹೊರತೆಗೆದರು. ನೂರು ಭಿತ್ತಿಪತ್ರಗಳಿಗಿಂತ ಆ ಒಂದು ಕೆಲಸ ದೊಡ್ಡದೆಂದು ನನಗೆ ಅನಿಸುತ್ತದೆ. ಏಕೆಂದರೆ ಗುಂಡಿಗೆ ಇಳಿಯುವವರು ಯಾರು ಎಂಬ ಹಳೆಯ ಕಟ್ಟುಪಾಡನ್ನೇ ಅದು ಮುಟ್ಟಿತು.

2014ರ ಅಕ್ಟೋಬರ್ 2ರಂದು ಆರಂಭವಾದ ಸ್ವಚ್ಛ ಭಾರತ ಅಭಿಯಾನದಲ್ಲಿ ಅರ್ಹ ಗ್ರಾಮೀಣ ಕುಟುಂಬಕ್ಕೆ 12,000 ರೂಪಾಯಿ ಪ್ರೋತ್ಸಾಹಧನ ದೊರೆಯಿತು. ಸರ್ಕಾರದ ಲೆಕ್ಕದಂತೆ ಐದು ವರ್ಷಗಳಲ್ಲಿ 10 ಕೋಟಿಗೂ ಹೆಚ್ಚು ಶೌಚಾಲಯಗಳಾದವು. 2019ರ ಅಕ್ಟೋಬರ್ 2ರಂದು ಗ್ರಾಮೀಣ ಭಾರತವನ್ನು ಬಯಲು ಶೌಚಮುಕ್ತವೆಂದು ಘೋಷಿಸಲಾಯಿತು. ಅದೇ ಅವಧಿಯ ಸಮೀಕ್ಷೆ, ಪಟ್ಟಣಗಳೂ ಸೇರಿ ದೇಶದ 19 ಪ್ರತಿಶತ ಕುಟುಂಬಗಳು ಇನ್ನೂ ಬಯಲಿಗೇ ಹೋಗುತ್ತಿವೆ ಎಂದಿತೆಂಬುದನ್ನು ಮರೆಯಬಾರದು. ಕಟ್ಟಿದ್ದನ್ನು ಎಣಿಸುವುದು ಸುಲಭ. ಮನೆಯ ಎಲ್ಲರೂ ಪ್ರತಿದಿನ ಬಳಸುತ್ತಾರೆಯೇ ಎಂದು ತಿಳಿಯುವುದು ಕಷ್ಟ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಸೇರಿ ಮಾಡುವ ಗಣನೆಯಲ್ಲೂ, ಬೇರೆ ಮನೆಯವರೊಂದಿಗೆ ಹಂಚಿಕೊಳ್ಳದ ಒಳ್ಳೆಯ ಶೌಚಾಲಯವಿದ್ದರೆ ಅದು ಮೂಲ ಸೌಲಭ್ಯವಷ್ಟೇ. ಮಲ ಅಲ್ಲಿಯೇ ಸುರಕ್ಷಿತವಾಗಿ ಕೊಳೆತರೆ ಅಥವಾ ಬೇರೆಡೆ ಸಾಗಿ ಶುದ್ಧವಾದರೆ ಮಾತ್ರ ಮೇಲಿನ ಮೆಟ್ಟಿಲು.

ಪಟ್ಟಣಗಳ ಸ್ಥಿತಿ ಇನ್ನೂ ಬಿಕ್ಕಟ್ಟಿನದು. ಒಳಚರಂಡಿ ಇಲ್ಲದ ಕಡೆ ಮನೆಮನೆಗೂ ಸೆಪ್ಟಿಕ್ ಟ್ಯಾಂಕು ಅಥವಾ ಒಂಟಿ ಗುಂಡಿ ಇದೆ. ತುಂಬಿದಾಗ ಸಕ್ಕಿಂಗ್ ಯಂತ್ರದ ಲಾರಿ ಬರುತ್ತದೆ, ಬಂದದ್ದನ್ನು ಎಷ್ಟೋ ಬಾರಿ ಕೆರೆಯಂಗಳಕ್ಕೋ ರಾಜಕಾಲುವೆಗೋ ಸುರಿದು ಹೋಗುತ್ತದೆ. ಲಾರಿ ನುಗ್ಗದ ಓಣಿಗಳಲ್ಲಿ ಇಂದಿಗೂ ಮನುಷ್ಯನನ್ನೇ ಇಳಿಸುತ್ತಾರೆ, ಅವನು ವಿಷಾನಿಲಕ್ಕೆ ಸಾಯುತ್ತಾನೆ, ಅವನನ್ನು ಎತ್ತಲು ಇಳಿದವನೂ ಸಾಯುತ್ತಾನೆ. ಇಂಥ ಸಾವಿಗೆ 10 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯ 2014ರಲ್ಲಿ ಹೇಳಿತು; 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಪರಿಹಾರ ಏರಬೇಕಾಗಿ ಬಂದದ್ದೇ ಸಾವು ನಿಂತಿಲ್ಲವೆಂಬುದಕ್ಕೆ ಸಾಕ್ಷಿ. ದಾರಿ ಇಲ್ಲವೆಂದಲ್ಲ. ಬೆಂಗಳೂರಿನ ಪಕ್ಕದ ದೇವನಹಳ್ಳಿಯಲ್ಲಿ 2015ರಿಂದ ಮಲತ್ಯಾಜ್ಯ ಸಂಸ್ಕರಣಾ ಘಟಕವೊಂದಿದೆ. ಲಾರಿಗಳು ತಂದದ್ದನ್ನು ಅಲ್ಲಿ ಕೊಳೆಸಿ, ಒಣಗುಪಾತಿಗಳಲ್ಲಿ ಹರಡಿ ಒಣಗಿಸಿ, ಗೊಬ್ಬರ ಮಾಡುತ್ತಾರೆ.

ಅಭಿಯಾನದ ಕಾಲದಲ್ಲಿ, ಅಂದರೆ 2016, 2017, 2018ರಲ್ಲಿ ಹಳ್ಳಿಗಳಲ್ಲಿ ಕಟ್ಟಿದ ಗುಂಡಿಗಳು ತುಂಬುವ ಕಾಲ ಈಗಾಗಲೇ ಬಂದಿದೆ. ನಿಮ್ಮ ಮನೆಯಲ್ಲಿ ಜೋಡಿ ಗುಂಡಿ ಇದ್ದರೆ, ಎರಡೂ ಕವಲುಗಳು ಒಟ್ಟಿಗೆ ತೆರೆದಿವೆಯೇ ಎಂದು ಮೊದಲು ನೋಡಿ. ಅನೇಕ ಕಡೆ ಕಟ್ಟಿದವರು ಈ ತಪ್ಪು ಮಾಡಿದ್ದಾರೆ. ತೆರೆದಿದ್ದರೆ ಒಂದನ್ನು ಇಂದೇ ಮುಚ್ಚಿಸಿ. ಒಂಟಿ ಗುಂಡಿಯಿದ್ದು ಜಾಗವಿದ್ದರೆ, ಅದು ತುಂಬುವ ಮೊದಲೇ ಪಕ್ಕದಲ್ಲಿ ಕನಿಷ್ಠ ಒಂದು ಮೀಟರು ಬಿಟ್ಟು ಇನ್ನೊಂದನ್ನು ತೋಡಿಸಿ, ಕವಲು ಕೂಡಿಸಿಕೊಳ್ಳಿ. ಮುಚ್ಚಿದ ಗುಂಡಿಯ ಚಪ್ಪಡಿಯ ಮೇಲೆ ಆ ದಿನದ ತಾರೀಕನ್ನು ಬಣ್ಣದಲ್ಲಿ ಬರೆಯಿರಿ. ಆ ತಾರೀಕಿಗೆ ಎರಡು ವರ್ಷ ತುಂಬುವವರೆಗೆ ಚಪ್ಪಡಿಯನ್ನು ಯಾರೂ ಎತ್ತದಿರಲಿ.

ನಮಸ್ಕಾರ.