ಸಾಲ ಇರುವ ಬ್ಯಾಂಕಿಗೆ ಸಂಬಳ ಹಾಕಿಸಬೇಡಿ

ನಮಸ್ಕಾರ. ಇವತ್ತು ಬೇರೆ ವಿಷಯ ಮಾತಾಡಬೇಕಿತ್ತು. ಹಿಂದಿನ ವಿಡಿಯೋಗೆ ಬಂದ ಒಂದು ಕಾಮೆಂಟ್ ಓದಿ ಅದನ್ನು ಪಕ್ಕಕ್ಕಿಟ್ಟೆ. "ಕಂತು ಬಾಕಿ ಇಟ್ಟುಕೊಂಡು ಸಂಬಳಕ್ಕೆ ಬೇರೆ ಬ್ಯಾಂಕಿನಲ್ಲಿ ಖಾತೆ ತೆಗೆಯುವುದು ಮೋಸ ಅಲ್ವಾ ಸರ್?" ಅಂತ ಕೇಳಿದ್ದಾರೆ.

ಖಂಡಿತ ಮೋಸ ಅಲ್ಲ. ಸಾಲ ಒಂದು ಬ್ಯಾಂಕಿನಲ್ಲಿ ಇರಲಿ, ಸಂಬಳ ಇನ್ನೊಂದು ಬ್ಯಾಂಕಿಗೆ ಬೀಳಲಿ. ನಾನು ಹೇಳುವುದು ಇಷ್ಟೇ.

ಯಾಕೆ ಅಂತೀರಾ? ಮೊಬೈಲಿಗೆ ಮೆಸೇಜ್ ಬರುತ್ತದೆ, ಸಂಬಳ ಜಮಾ ಆಗಿದೆ ಅಂತ. ಆ್ಯಪ್ ತೆರೆಯುವಷ್ಟರಲ್ಲಿ ಇನ್ನೊಂದು ಮೆಸೇಜ್. ಬಾಕಿ ಕಂತು, ಅದರ ಮೇಲಿನ ದಂಡ, ಎಲ್ಲ ಸೇರಿಸಿ ಕಟ್ ಆಗಿದೆ. ಖಾತೆಯಲ್ಲಿ ಉಳಿದದ್ದು ಚಿಲ್ಲರೆ. ಮನೆ ಬಾಡಿಗೆ ಎಲ್ಲಿಂದ ಕೊಡ್ತೀರಾ? ಕರೆಂಟ್ ಬಿಲ್?

ಇದಕ್ಕೆ ಬ್ಯಾಂಕಿಗೆ ಹಕ್ಕೂ ಇದೆ. ಒಂದೇ ಬ್ಯಾಂಕಿನಲ್ಲಿ ಸಾಲವೂ ಇದ್ದು, ಉಳಿತಾಯ ಖಾತೆಯೂ ಇದ್ದರೆ, ಬಾಕಿಗೆ ಆ ದುಡ್ಡನ್ನು ವಜಾ ಮಾಡಿಕೊಳ್ಳಬಹುದು. ಸೆಟ್ ಆಫ್ ಅಂತಾರೆ. ಸಾಲದ ಪತ್ರಕ್ಕೆ ಹಾಕುವ ಸಹಿಗಳಲ್ಲಿ ಸಾಮಾನ್ಯವಾಗಿ ಇದಕ್ಕೂ ಒಪ್ಪಿಗೆ ಸೇರಿರುತ್ತದೆ. ಖಾತೆಗೆ ಲೀನ್ ಹಾಕಿದ್ದಾರೆ, ಅಂದ್ರೆ ಬಾಕಿಗೋಸ್ಕರ ದುಡ್ಡು ತಡೆಹಿಡಿದಿದ್ದಾರೆ ಅಂತ ಕೇಳಿರುತ್ತೀರಿ. ಬ್ಯಾಂಕಿನ ಆ ಹಕ್ಕಿನ ಮಾತು 1872ರ ಕರಾರು ಕಾಯ್ದೆಯ 171ನೇ ಸೆಕ್ಷನ್‌ನಲ್ಲೇ ಇದೆ. ಆದರೆ ಬೇರೆ ಬ್ಯಾಂಕಿನಲ್ಲಿರುವ ನಿಮ್ಮ ಖಾತೆಗೆ ಅವರು ಸುಮ್ನೆ ಕೈ ಹಾಕೋಕೆ ಆಗಲ್ಲ. ನೀವು ಕೊಟ್ಟ ಮ್ಯಾಂಡೇಟ್, ಅಂದ್ರೆ ಖಾತೆಯಿಂದ ದುಡ್ಡು ತೆಗೆದುಕೊಳ್ಳಲು ನಿಮ್ಮ ಒಪ್ಪಿಗೆ ಬೇಕು, ಇಲ್ಲ ಕೋರ್ಟ್ ಆದೇಶ ಬೇಕು.

ಈಗ ಕೋರ್ಟ್ ಏನು ಮಾಡುತ್ತದೆ ಕೇಳಿ. ಸಿವಿಲ್ ಪ್ರೊಸೀಜರ್ ಕೋಡ್, 60ನೇ ಸೆಕ್ಷನ್. ಸಾಲದ ಕೇಸ್ ಸೋತು ಡಿಕ್ರಿ, ಅಂದ್ರೆ ದುಡ್ಡು ಕಟ್ಟಿ ಅಂತ ಕೋರ್ಟ್ ತೀರ್ಪು ಆದ ಮೇಲೂ ನಿಮ್ಮ ಸಂಬಳದಲ್ಲಿ ಮೊದಲ 1,000 ರೂಪಾಯಿ, ಉಳಿದದ್ದರಲ್ಲಿ ಮೂರರಲ್ಲಿ ಎರಡು ಪಾಲು ಜಪ್ತಿ ಮಾಡುವ ಹಾಗಿಲ್ಲ. ಸಂಬಳ 25,000 ಅಂದ್ಕೊಳ್ಳಿ. 17,000 ನಿಮ್ಮದು. ಸಾಲಕ್ಕೆ ಹೋಗುವುದು ಹೆಚ್ಚೆಂದರೆ 8,000. ಕೇಸ್ ಗೆದ್ದವರಿಗೇ ಕಾನೂನು ಇಷ್ಟು ಕಡಿವಾಣ ಹಾಕಿದೆ. ಕೇಸನ್ನೇ ಹಾಕದವರು ಪೂರ್ತಿ ಸಂಬಳ ತಗೊಂಡು ಹೋಗೋಕೆ ನಾವೇ ಯಾಕೆ ದಾರಿ ಮಾಡಿಕೊಡಬೇಕು? ಜರ್ಮನಿಯಲ್ಲಿ 2010ರಿಂದ ಪಿ-ಕೊಂಟೊ ಅಂತಲೇ ಇದೆ. ಖಾತೆಯನ್ನು ಹಾಗೆ ಬದಲಿಸಿಕೊಂಡರೆ ಪ್ರತಿ ತಿಂಗಳು ಒಂದು ಮೊತ್ತ ಜಪ್ತಿಗೆ ಸಿಗುವುದಿಲ್ಲ. ನಮಗೆ ಉಳಿದಿರುವ ದಾರಿ ಬೇರೆ ಖಾತೆ ತೆಗೆಯುವುದು.

ಅಂದ ಹಾಗೆ, ಚಾನೆಲ್ ಸಬ್‌ಸ್ಕ್ರೈಬ್ ಮಾಡಿಲ್ಲ ಅಂದ್ರೆ ಮಾಡಿಬಿಡಿ. ಲೈಕ್ ಕೊಡದಿದ್ದರೂ ಪರವಾಗಿಲ್ಲ, ಕಂತು ಕಟ್ಟಲಾಗದೆ ಒದ್ದಾಡುತ್ತಿರುವ ಗೆಳೆಯರಿದ್ದರೆ ಅವರಿಗೆ ಈ ವಿಡಿಯೋ ಕಳಿಸಿ.

"ಸಿಬಿಲ್ ಹಾಳಾಗುತ್ತೆ" ಅಂತ ಇನ್ನೊಬ್ಬರು. ಸ್ವಾಮಿ, ಸಿಬಿಲ್ ಅಂದ್ರೆ ನಮ್ಮ ಸಾಲದ ಚರಿತ್ರೆಯ ವರದಿ, ಅದರಲ್ಲಿ ಬರುವುದು ಸಾಲ, ಕ್ರೆಡಿಟ್ ಕಾರ್ಡ್. ಉಳಿತಾಯ ಖಾತೆ ತೆಗೆದಿದ್ದು ಅಲ್ಲಿ ಕಾಣಲ್ಲ. "ಸಾಲಗಾರನಿಗೆ ಖಾತೆ ಯಾರು ಕೊಡ್ತಾರೆ?" ಮಿನಿಮಮ್ ಬ್ಯಾಲೆನ್ಸ್ ಬೇಡದ ಬೇಸಿಕ್ ಉಳಿತಾಯ ಖಾತೆ ಎಲ್ಲರಿಗೂ ಸಿಗಬೇಕು ಅಂತ ಆರ್‌ಬಿಐ 2012ರಲ್ಲೇ ಹೇಳಿದೆ. ಆಧಾರ್, ಪ್ಯಾನ್ ತಗೊಂಡು ಹೋಗಿ ಕೇಳಿ. "ಹಳೇ ಬ್ಯಾಂಕಿಗೆ ಗೊತ್ತಾದರೆ?" ಗೊತ್ತಾಗಲಿ ಬಿಡ್ರೀ! ನೀವೇ ಅವರಿಗೆ ಹೇಳಿ!

ಒಂದು ಎಚ್ಚರ. ಹಳೇ ಖಾತೆಯನ್ನು ಖಾಲಿ ಬಿಡಬೇಡಿ. ಇಎಂಐ ಮ್ಯಾಂಡೇಟ್ ಅದರ ಮೇಲೇ ಇದ್ದರೆ ಬೌನ್ಸ್ ಆಗುತ್ತದೆ, ಪ್ರತಿ ಸಲ ಚಾರ್ಜ್ ಬೀಳುತ್ತದೆ. 2007ರ ಪೇಮೆಂಟ್ ಅಂಡ್ ಸೆಟಲ್‌ಮೆಂಟ್ ಸಿಸ್ಟಮ್ಸ್ ಕಾಯ್ದೆಯ 25ನೇ ಸೆಕ್ಷನ್ ಕೆಳಗೆ ಕೇಸೂ ಆಗಬಹುದು, ಚೆಕ್ ಬೌನ್ಸ್ ಆದಾಗ ಆಗುವ ಹಾಗೆಯೇ. ಅದಕ್ಕೆ ಮೊದಲು ಬ್ರಾಂಚಿಗೆ ಹೋಗಿ ಬರೆದುಕೊಡಿ: ಬಾಕಿ ಇಷ್ಟಿದೆ, ಕಂತಿನ ಜೊತೆ ತಿಂಗಳಿಗೆ ಇಷ್ಟು ಸೇರಿಸಿ ಕಟ್ಟುತ್ತೇನೆ. ನಿಮ್ಮ ಪ್ರತಿಯ ಮೇಲೆ ಸೀಲ್ ಹಾಕಿಸಿಕೊಳ್ಳಿ. ಅವರು ಒಪ್ಪಿದ ಮೊತ್ತವನ್ನು ಸಂಬಳ ಬಂದ ದಿನವೇ ಕಳಿಸಿ. ಇನ್ನು ಹೇಳಿ, ಇದರಲ್ಲಿ ಮೋಸ ಎಲ್ಲಿದೆ?

ಸಾಲ ತೀರಿಸಬೇಕು, ನಾನೂ ಒಪ್ಪುತ್ತೇನೆ. ತೀರಿಸಬೇಕಾದರೆ ಮುಂದಿನ ತಿಂಗಳೂ ಕೆಲಸಕ್ಕೆ ಹೋಗಬೇಕಲ್ಲಾ? ಹೋಗೋಕೆ ಬಸ್ ಚಾರ್ಜ್ ಬೇಕಲ್ಲಾ? ಪೂರ್ತಿ ಸಂಬಳ ಕಳಕೊಂಡವನು ಏನು ಮಾಡ್ತಾನೆ? ಮೊಬೈಲ್‌ನಲ್ಲಿ ಇನ್ನೊಂದು ಲೋನ್ ಆ್ಯಪ್ ಹಾಕ್ಕೊತಾನೆ! ಇದನ್ನೇ ನಾನು ಬೇಡ ಅನ್ನುತ್ತಿರುವುದು. ಸಂಬಳ ಮೊದಲು ದುಡಿದವರ ಕೈಗೆ ಬರಬೇಕು. ಯಾಕೆ ಅಂದ್ರೆ? ಅದು ಅವರ ಸಂಬಳ ರೀ, ಅಷ್ಟೇ!

ಕಾಮೆಂಟ್ ಹಾಕಿದವರೇ, ನಿಮ್ಮ ಮೇಲೆ ಕೋಪ ಇಲ್ಲ. ಆದರೆ ಈ ತಿಂಗಳ ಪೇರೋಲ್ ಮುಗಿಯುವ ಮುಂಚೆ ಹೊಸ ಖಾತೆಯ ಕ್ಯಾನ್ಸಲ್ಡ್ ಚೆಕ್ಕೋ ಪಾಸ್‌ಬುಕ್ ಜೆರಾಕ್ಸೋ ಎಚ್‌ಆರ್ ಕೈಗೆ ಕೊಟ್ಟುಬಿಡಿ. ತಡ ಮಾಡಿದರೆ ಈ ಸಲದ ಸಂಬಳವೂ ಹಳೇ ಖಾತೆಗೇ ಬೀಳುತ್ತದೆ.