ದ್ರಾಕ್ಷಿ ವಿನೆಗರ್: ಗಾಳಿ ಯಾವಾಗ ಬೇಡ, ಯಾವಾಗ ಬೇಕು

ರೈತ ಬಾಂಧವರಿಗೆ ನಮಸ್ಕಾರ.

ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರ ಭಾಗದಲ್ಲಿ ಕಟಾವು ಮುಗಿಯುವಾಗ ಗೊನೆಯಿಂದ ಉದುರಿದ, ಪೇಟೆಗೂ ಒಣದ್ರಾಕ್ಷಿಗೂ ಸಲ್ಲದ ಹಣ್ಣು ಉಳಿಯುತ್ತದೆ. ಕೊಳೆತದ್ದನ್ನು ಆರಿಸಿ ತೆಗೆದರೆ ಅದರಿಂದ ಒಳ್ಳೆಯ ವಿನೆಗರ್ ಆಗುತ್ತದೆ.

ವಿನೆಗರ್ ಎರಡು ಸಲ ಹುದುಗುತ್ತದೆ. ಮೊದಲು ಯೀಸ್ಟ್ ಸಕ್ಕರೆಯನ್ನು ಮದ್ಯಸಾರ ಮಾಡುತ್ತದೆ. ಆಮೇಲೆ ಅಸಿಟೋಬ್ಯಾಕ್ಟರ್ ಬ್ಯಾಕ್ಟೀರಿಯಾ ಆ ಮದ್ಯಸಾರವನ್ನು ಆಮ್ಲ ಮಾಡುತ್ತದೆ. ಮೊದಲನೆಯದಕ್ಕೆ ಗಾಳಿ ತಾಗಬಾರದು. ಎರಡನೆಯದು ಗಾಳಿಯಿಲ್ಲದೆ ನಡೆಯುವುದೇ ಇಲ್ಲ. ಎರಡನ್ನೂ ಒಟ್ಟಿಗೆ ನಡೆಸಲು ಹೋದರೆ ಆಮ್ಲ ಬೇಗ ಹುಟ್ಟಿ ಯೀಸ್ಟ್ ಸೋಲುತ್ತದೆ, ಸಕ್ಕರೆ ಹಾಗೇ ಉಳಿಯುತ್ತದೆ.

ಹತ್ತು ಲೀಟರ್ ರಸಕ್ಕೆ ಎರಡೂವರೆ ಗ್ರಾಂ ಒಣ ವೈನ್ ಯೀಸ್ಟ್ ಸಾಕು. ಪಾತ್ರೆಯ ಮುಕ್ಕಾಲು ಭಾಗ ತುಂಬಿ, ಮುಚ್ಚಳದಿಂದ ಒಂದು ನಳಿಗೆ ಹೊರಟು ನೀರಿನಲ್ಲಿ ಮುಳುಗಿರಲಿ. ಪೂರ್ತಿ ಬಿಗಿದರೆ ಅನಿಲದ ಒತ್ತಡಕ್ಕೆ ಪಾತ್ರೆ ಒಡೆಯುತ್ತದೆ. ನಮ್ಮ ಮಾರ್ಚ್ ಬಿಸಿಲಿಗೆ ಕೋಣೆ 35 ಡಿಗ್ರಿ ದಾಟಿದರೆ ಯೀಸ್ಟ್ ಬಳಲುತ್ತದೆ. ಹಸಿ ಗೋಣಿತಟ್ಟು ಸುತ್ತಿಡಿ. ಗುಳ್ಳೆ ನಿಂತ ಮೇಲೆ ಸಕ್ಕರೆ ಅಳೆಯುವ ತೋಟದ ರಿಫ್ರ್ಯಾಕ್ಟೋಮೀಟರ್ ನಂಬಬೇಡಿ, ಮದ್ಯಸಾರವಿದ್ದಾಗ ಅದು ಸಕ್ಕರೆಯನ್ನು ಹೆಚ್ಚಾಗಿ ತೋರಿಸುತ್ತದೆ. ದ್ರವದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ 1.000ಕ್ಕಿಂತ ಕೆಳಗಿಳಿದಿರಬೇಕು.

ಇಪ್ಪತ್ತು ಬ್ರಿಕ್ಸ್ (ನೂರು ಗ್ರಾಂಗೆ ಸುಮಾರು ಇಪ್ಪತ್ತು ಗ್ರಾಂ ಸಕ್ಕರೆ) ಇದ್ದ ರಸದಲ್ಲಿ ಸುಮಾರು ಶೇಕಡಾ 11 ಮದ್ಯಸಾರ ಆಗಿರುತ್ತದೆ. ಬ್ಯಾಕ್ಟೀರಿಯಾಕ್ಕೆ ಅದು ಹೆಚ್ಚು. ಗಸಿ ಕದಡದಂತೆ ತಿಳಿಯನ್ನು ನಳಿಗೆಯಿಂದ ಇಳಿಸಿಕೊಂಡು, ಕುದಿಸಿ ಆರಿಸಿದ ನೀರನ್ನು ಸಮಪಾಲು ಬೆರೆಸಿ. ಇದರ ನಾಲ್ಕು ಪಾಲಿಗೆ ಕಾಯಿಸದ, ಜೀವವಿರುವ ವಿನೆಗರ್ ಒಂದು ಪಾಲು ಸೇರಿಸಿ. ಅಂಗಡಿಯ ಸಿಂಥೆಟಿಕ್ ವಿನೆಗರ್ ಇಲ್ಲಿ ನಡೆಯದು. ಅಗಲ ಬಾಯಿಯ ಗಾಜಿನ ಭರಣಿಯನ್ನು ಅರ್ಧ ಮಾತ್ರ ತುಂಬಿ, ನೊಣ ನುಗ್ಗದಂತೆ ದಟ್ಟ ಅರಿವೆ ಕಟ್ಟಿ. ಹಿತ್ತಾಳೆ, ಕಬ್ಬಿಣ ಬೇಡವೇ ಬೇಡ. ಆಮ್ಲಕ್ಕೆ ಲೋಹ ಕರಗುತ್ತದೆ.

ಮೇಲೆ ನುಣುಪಾದ, ಜಾರುವ ಪೊರೆ ಕಟ್ಟಿದರೆ ಅದೇ ತಾಯಿ ವಿನೆಗರ್. ಅಲ್ಲಾಡಿಸಬೇಡಿ, ಪೊರೆ ಮುಳುಗಿದರೆ ಹೊಸದು ಕಟ್ಟುವವರೆಗೆ ಕೆಲಸ ನಿಧಾನವಾಗುತ್ತದೆ. ಸುಕ್ಕುಗಟ್ಟಿದ, ಪುಡಿಪುಡಿಯಾದ ಬಿಳಿ ಪದರ ಬಂದರೆ ಆಮ್ಲ ಕಡಿಮೆ ಬಿದ್ದಿದೆ ಎಂದರ್ಥ. ಅದನ್ನು ತೆಗೆದು ಇನ್ನಷ್ಟು ಜೀವಂತ ವಿನೆಗರ್ ಹಾಕಿ. ಹಸಿರು, ಕಪ್ಪು ಬೂಸ್ಟು ಕಂಡರೆ ಚೆಲ್ಲಿಬಿಡಿ.

ಆರೆಂಟು ವಾರಕ್ಕೆ ಹುಳಿ ಹದಕ್ಕೆ ಬರುತ್ತದೆ. ಇಲ್ಲಿ ತಡಮಾಡಲೇಬಾರದು. ಮದ್ಯಸಾರ ಮುಗಿದ ಮೇಲೆ ಅದೇ ಬ್ಯಾಕ್ಟೀರಿಯಾ ತಾನು ಮಾಡಿದ ಆಮ್ಲವನ್ನೇ ತಿಂದು ನೀರು, ಇಂಗಾಲದ ಡೈಆಕ್ಸೈಡ್ ಮಾಡುತ್ತದೆ, ವಿನೆಗರ್ ಸಪ್ಪಗಾಗುತ್ತದೆ. ಶೋಧಿಸಿ, 65 ಡಿಗ್ರಿಗೆ ಹತ್ತು ನಿಮಿಷ ಕಾಯಿಸಿ, ಬಾಟಲಿಗಳನ್ನು ಕಂಠಮಟ್ಟ ತುಂಬಿ ಬಿಗಿಯಿರಿ. ಮುಂದಿನ ಸಲಕ್ಕೆ ಬೇಕಾದಷ್ಟನ್ನು ಕಾಯಿಸದೆ ತೆಗೆದಿಡಿ.

ಮಾರಾಟಕ್ಕಾದರೆ ಹುದುಗಿಸಿದ ವಿನೆಗರ್‌ನಲ್ಲಿ ಕನಿಷ್ಠ ಶೇಕಡಾ 3.75 ಅಸಿಟಿಕ್ ಆಮ್ಲ ಇರಬೇಕು, ಆಹಾರ ಸುರಕ್ಷತಾ ನೋಂದಣಿ ಅಥವಾ ಪರವಾನಗಿಯೂ ಬೇಕು. ನಡುವಿನ ಹಂತದಲ್ಲಿ ಮದ್ಯಸಾರ ಇರುವುದರಿಂದ ಕೆಲಸ ಶುರು ಮಾಡುವ ಮೊದಲೇ ಅಬಕಾರಿ ಇಲಾಖೆಯಲ್ಲಿ ವಿಚಾರಿಸಿಕೊಳ್ಳಿ. ನಮಸ್ಕಾರ.